ಎಸ್ಟೀಮ್ ಎಂಜಿನ್‌ಗೆ ಓಮ್ನಿ ಗೇರ್‌ಬಾಕ್ಸ್ ಕೂಡುತ್ತಾ? ಬಳ್ಳಾರಿಯಲ್ಲಿ ಮನೇಲೇ ಕಟ್ಟುತ್ತಿರುವ ಎರಡು ಸೀಟಿನ ಕಾರು

ಕೌಲ್‌ಬಜಾರ್_34:
ಎಲ್ಲರಿಗೂ ನಮಸ್ಕಾರ. ಬಹಳ ದಿನದ ಆಸೆಗೆ ಈಗ ಕೈ ಹಾಕಿದ್ದೀನಿ. 1957ರಲ್ಲಿ ಬಂದ ಲೋಟಸ್ ಸೆವೆನ್ ಮಾದರಿಯ ತೆರೆದ ಕಾರು. ಚೌಕ ಪೈಪಿನ ಚಾಸಿ, ಎಂಜಿನ್ ಮುಂದೆ, ಎಳೆಯೋದು ಹಿಂದಿನ ಚಕ್ರ. ಚಾಸಿ ಮಾವನ ವೆಲ್ಡಿಂಗ್ ಶೆಡ್‌ನಲ್ಲಿ ಮುಕ್ಕಾಲು ಮುಗಿದಿದೆ. ಪೂರ್ತಿ ಆದಾಗ ತೂಕ 600 ಕೆಜಿ ಒಳಗೆ ಇರಬೇಕು ಅಂತ ಲೆಕ್ಕ.

ಎಂಜಿನ್ ಮಾರುತಿ ಎಸ್ಟೀಮ್‌ದು, 1298 ಸಿಸಿ, ಎಂಪಿಎಫ್‌ಐ. ಗುಜರಿಯಲ್ಲಿ ಸಿಕ್ತು, ಕಂಪ್ರೆಷನ್ ನಾಲ್ಕರಲ್ಲೂ ಸಮ ಬಂತು. ಎಸ್ಟೀಮ್ ಫ್ರಂಟ್ ವೀಲ್ ಡ್ರೈವ್, ಅದರ ಗೇರ್‌ಬಾಕ್ಸ್ ನನಗೆ ಉಪಯೋಗ ಇಲ್ಲ. ಅದಕ್ಕೇ ಓಮ್ನಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎರಡನ್ನೂ ತಂದೆ. ಓಮ್ನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತೆ, ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುತ್ತೆ, ನನಗೆ ಬೇಕಾದ್ದೂ ಅದೇ. ಎರಡೂ ಮಾರುತಿಯೇ ಅಲ್ವಾ, ಕೂಡುತ್ತೆ ಅಂದ್ಕೊಂಡಿದ್ದೆ. ನಿನ್ನೆ ಎದುರುಬದುರು ಇಟ್ಟು ನೋಡಿದ್ರೆ ಬೋಲ್ಟ್ ತೂತುಗಳೇ ಹೊಂದ್ತಾ ಇಲ್ಲ. ಪರಿಚಯದ ಟರ್ನರ್ ಒಬ್ಬರು "12 ಎಂಎಂ ಪ್ಲೇಟ್ ಕೊರೆದು ಮಧ್ಯೆ ಹಾಕೋಣ, ಒಂದು ದಿನದ ಕೆಲಸ" ಅಂತಾರೆ. ಹಾಕಿಸಲಾ?

ಕುಷ್ಟಗಿ_37:
ಅಣ್ಣಾ, ಚಾಸಿ ಫೋಟೋ ಹಾಕ್ರಿ ಮೊದಲು.

ಗಂಗಾವತಿ_ಲೇತ್:
ತಡೀರಿ, ಇನ್ನೂ ಪ್ಲೇಟ್ ಹಾಕಿಸಬ್ಯಾಡ್ರಿ. ನಾನೂ ಟರ್ನರ್. ಹದಿನೆಂಟು ವರ್ಷ ಆತು ಲೇತ್ ಹಿಡಿದು, ರೈಸ್ ಮಿಲ್ ಶಾಫ್ಟು, ಟ್ರ್ಯಾಕ್ಟರ್ ಹಬ್ಬು ಎಲ್ಲಾ ಮಾಡ್ತೀನಿ. ಇಂಥಾ ಪ್ಲೇಟ್ ಒಂದು ಮಾಡಿ ಕೈ ಸುಟ್ಕೊಂಡೀನಿ, ಅದಕ್ಕ ಹೇಳಾಕತ್ತೀನಿ.

ಪ್ಲೇಟಿನ್ಯಾಗ ತೂತು ಕೊರಿಯೋದು ಯಾರಿಗೂ ಬರ್ತದ. ಆದ್ರ ಬೋಲ್ಟಿನ ಕೆಲಸ ಬಿಗಿಯೋದು ಅಷ್ಟ. ನಡು ಹಿಡಿಯೋದು ಡೋವೆಲ್ ಪಿನ್ನು, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚೋ ಗಂಟಿ ಆಕಾರದ ಕವಚ) ಮುಖದ ಮ್ಯಾಲೆ ಎರಡು ಸಣ್ಣ ಗೂಟ ಇರ್ತಾವಲ್ಲ ಅವು. ಕ್ರ್ಯಾಂಕಿನ ನಡುಗೆರಿ ಮತ್ತ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ನಡುಗೆರಿ ಒಂದ ಸಾಲಿನ್ಯಾಗ ಬರಬೇಕು. ಒಪ್ಪೋ ಮಿತಿ 5 ಥೌ (ಇಂಚಿನ ಸಾವಿರ ಪಾಲಿನ್ಯಾಗ ಐದು), ಅಂದ್ರ ಸಣ್ಣ ಸರಿತ ಅಳಿಯೋ ಡಯಲ್ ಗೇಜ್ ಪೂರ್ತಿ ಒಂದು ಸುತ್ತಿಗೆ 0.13 ಎಂಎಂ. ತಿಳ್ಕೋರಿ, ಅದು ಡಯಲ್ ತೋರ್ಸೋ ಅಂಕಿ. ಖರೇ ಸರಿದಿದ್ದು ಅದರ ಅರ್ಧ.

ನಾನು ಮಾಡಿದ್ದು ಒಂದು ಜನರೇಟರ್ ಎಂಜಿನ್ನಿಗೆ ಹಳೇ ಜೀಪಿನ ಗೇರ್ ಡಬ್ಬಿ. ಡೋವೆಲ್ ತೂತು ಕಣ್ಣಳತಿ ಮ್ಯಾಲೆ ಹಾಕಿದ್ದೆ. ಕೂತಿತು, ತಿರುಗಿತು, ಎಲ್ಲಾರೂ ಖುಷಿ. ಎರಡು ತಿಂಗಳಾಗಿರಲಿಲ್ಲ, ಕ್ಲಚ್ ಪ್ಲೇಟಿನ ನಡುವಿನ ಹಬ್ಬು ಸೀಳಿ ಬಂತು. ಬಿಚ್ಚಿ ನೋಡಿದ್ರ ಇನ್‌ಪುಟ್ ಬೇರಿಂಗೂ ಹೋಗಿತ್ತು. ಆಗ ಡಯಲ್ ಇಟ್ಟು ನೋಡಿದೆ, 0.46 ಎಂಎಂ. ಮದಲ ಇಟ್ಟಿದ್ರ ಆ ಮನುಷ್ಯಾಗ ಅಷ್ಟು ಖರ್ಚು ಬರ್ತಿರಲಿಲ್ಲ. ಇವತ್ತಿಗೂ ಮನಸಿಗೆ ಹತ್ತೇತಿ ಅದು.

ಕೌಲ್‌ಬಜಾರ್_34:
ಅಣ್ಣಾ, ಡಯಲ್ ಎಲ್ಲಿ ಇಡಬೇಕು? ಗೇರ್‌ಬಾಕ್ಸ್ ಕೂರಿಸಿದ ಮೇಲೆ ಒಳಗೆ ಏನೂ ಕಾಣಲ್ಲ.

ಗಂಗಾವತಿ_ಲೇತ್:
ಬೆಲ್ ಹೌಸಿಂಗ್ ಬ್ಯಾರೆ ಬಿಚ್ಚಾಕ ಬರೋದಿದ್ರ ಅದನ್ನಷ್ಟ ಬ್ಲಾಕಿಗೆ ಬಿಗೀರಿ. ಡಯಲಿನ ಮ್ಯಾಗ್ನೆಟ್ ಫ್ಲೈವ್ಹೀಲಿಗೆ ಹಚ್ಚಿ, ಮುಳ್ಳು ಹೌಸಿಂಗಿನ ನಡುವಿನ ದೊಡ್ಡ ತೂತಿನ ಒಳಗೋಡಿಗೆ ಮುಟ್ಟಿಸಿ, ಕ್ರ್ಯಾಂಕ್ ಕೈಲೆ ಸಾವಕಾಶ ತಿರುಗಿಸ್ರಿ. ಗೇರ್‌ಬಾಕ್ಸಿನ ಜೋಡಿ ಒಂದ ಎರಕ ಇದ್ರ ತ್ರಾಸ ಐತಿ. ಒಳಗಿನ ಶಾಫ್ಟು ಎಲ್ಲಾ ತಗದು ಖಾಲಿ ಕೇಸ್ ಕೂರಿಸಿ, ಇನ್‌ಪುಟ್ ಬೇರಿಂಗ್ ಕೂರೋ ತೂತಿಗೆ ಡಯಲ್ ಹಿಡೀಬೇಕು. ಅಷ್ಟು ಮಾಡದ ಡೋವೆಲ್ ತೂತು ಕೊರದ್ರ ಅದು ಕುರುಡು ಕೆಲಸ.

ಇನ್ನೊಂದು, ಪ್ಲೇಟ್ 12 ಎಂಎಂ ದಪ್ಪ ಅಂದ್ರ ಗೇರ್‌ಬಾಕ್ಸ್ 12 ಎಂಎಂ ಹಿಂದ ಹೋಗ್ತದ. ಇನ್‌ಪುಟ್ ಶಾಫ್ಟಿನ ಮೂತಿ, ಅದನ್ನ ಕ್ರ್ಯಾಂಕಿನ ತುದಿಯಾಗ ಹಿಡಿಯೋ ಪೈಲಟ್ ಬೇರಿಂಗ್‌ತನಾ ಮುಟ್ಟಂಗಿಲ್ಲ, ಕ್ಲಚ್ ಪ್ಲೇಟು ಶಾಫ್ಟಿನ ಹಲ್ಲಿನ ತುದಿಗೆ ಜೋತಾಡ್ತದ. ಸೆಲ್ಫ್ ಮೋಟರ್ ಯಾವ ಕಡೆ ಬಿಗಿದೈತಿ ಅನ್ನೋದರ ಮ್ಯಾಲೆ ಅದರ ಪಿನಿಯನ್ ರಿಂಗ್ ಗೇರಿಗೆ ಮುಟ್ಟಬಹುದು, ಮುಟ್ಟದೆನೂ ಇರಬಹುದು. ಪ್ಲೇಟಿನ ದಪ್ಪ ಎಲ್ಲಿಂದ ಬಂತು ಅಂತ ನಿಮ್ಮ ಟರ್ನರ್‌ನ ಕೇಳ್ರಿ. ಅಂಗಡ್ಯಾಗ 12 ಎಂಎಂ ತುಂಡು ಬಿದ್ದಿತ್ತು ಅಂದ್ರ ಅದು ಲೆಕ್ಕ ಅಲ್ಲ.

ಹಳೇ_ಮೇಸ್ತ್ರಿ:
ತಮ್ಮಾ, ಲೇತ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ಆದರೆ ಪ್ಲೇಟಿನ ಮಾತಿಗೂ ಮೊದಲು ಒಂದು ಮಾತು ಕೇಳು. ಓಮ್ನಿ ಡಬ್ಬಿ ಕಟ್ಟಿದ್ದು 796 ಸಿಸಿ ಎಂಜಿನ್‌ಗೆ. ಅದರ ಟಾರ್ಕ್ (ತಿರುಗಿಸೋ ಬಲ) ಸುಮಾರು 60 ನ್ಯೂಟನ್ ಮೀಟರ್. ನಿನ್ನ ಎಸ್ಟೀಮ್ 100 ದಾಟುತ್ತೆ. ಪ್ಲೇಟ್ ಎಷ್ಟೇ ಚೆನ್ನಾಗಿ ಕೂತರೂ ಒಳಗಿನ ಹಲ್ಲಿನ ಅಗಲ, ಬೇರಿಂಗ್ ಗಾತ್ರ ಬದಲಾಗಲ್ಲವಲ್ಲ.

ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿ ರಿಪೇರಿ ಮಾಡಿ ಬೆಳೆದವನು ನಾನು. ಓವರ್‌ಲೋಡ್ ಗಾಡಿಯಲ್ಲಿ ಮೊದಲು ಹೋಗೋದು ಯಾವುದು ಅಂತ ಸಂಡೂರು ಘಾಟಿ ಕಲಿಸಿದೆ. ಎಂಜಿನ್ ಚೆನ್ನಾಗೇ ಇರುತ್ತೆ, ಅದರ ಹಿಂದಿನದು ಒಂದೊಂದೇ ಬಿಟ್ಟುಕೊಡುತ್ತೆ.

ನಿನ್ನ ಎಂಜಿನ್‌ಗೆ ಒಡಹುಟ್ಟಿದ್ದು ಜಿಪ್ಸಿ ಕಿಂಗ್. ಅದರಲ್ಲೂ ಅದೇ ಜಿ13 ಕುಟುಂಬದ 1298 ಸಿಸಿ ಎಂಜಿನ್ನೇ, ಉದ್ದಕ್ಕೆ ಕೂತಿರುತ್ತೆ. ಓಮ್ನಿ ಎಂಜಿನ್ ಎಫ್ ಕುಟುಂಬ, ಬೇರೆ ಮನೆತನ, ಅದಕ್ಕೇ ತೂತು ಹೊಂದಲಿಲ್ಲ. ಜಿಪ್ಸಿ ಗೇರ್‌ಬಾಕ್ಸ್ ನಿನ್ನ ಬ್ಲಾಕಿಗೆ ಪ್ಲೇಟ್ ಇಲ್ಲದೆ ಕೂರುತ್ತೆ. ಐದು ಗೇರು. ಒಂದು ಎಚ್ಚರ: ಹಳೇ ಎಂಜಿ410 ಜಿಪ್ಸಿಯದು ಬೇಡ, ಅದರಲ್ಲಿದ್ದದ್ದು 970 ಸಿಸಿಯ ಎಫ್10ಎ. ಗುಜರಿಯವರು ಎರಡಕ್ಕೂ ಜಿಪ್ಸಿ ಅಂತಲೇ ಹೇಳ್ತಾರೆ.

ರಾಯಚೂರು_ಅಂಬಾಸಿಡರ್:
ಇಷ್ಟೆಲ್ಲ ತಲೆನೋವು ಯಾಕ್ರಿ? ಒಂದು 1800 ಐಎಸ್‌ಜಡ್ ಅಂಬಾಸಿಡರ್ ಇಡಿಯಾಗಿ ತಗೊಳ್ರಿ. ಇಸುಜು 1817 ಸಿಸಿ ಎಂಜಿನ್, ಅದರದೇ ಐದು ಗೇರಿನ ಡಬ್ಬಿ, ಅದರದೇ ಶಾಫ್ಟ್, ಅದರದೇ ಆಕ್ಸಲ್. ಕಂಪನಿಯವರೇ ಜೋಡಿ ಮಾಡಿ ಕೊಟ್ಟದ್ದು. ನಮ್ಮ ದೇಶದಾಗ ಚಿಂಕಾರಾದವರು ರೋಡ್‌ಸ್ಟರ್ ಕಟ್ಟಿದಾಗ ಆರಿಸಿಕೊಂಡದ್ದೂ ಇದೇ ಇಸುಜು ಎಂಜಿನ್. ನಮ್ಮ ಮನಿ ಅಂಬಾಸಿಡರ್ ಇವತ್ತಿಗೂ ಲಿಂಗಸುಗೂರಿಗೆ ಹೋಗಿ ಬರ್ತದ.

ಹಳೇ_ಮೇಸ್ತ್ರಿ:
ಎಂಜಿನ್ ಚಿನ್ನ, ಒಪ್ಪಿದೆ. ಆದರೆ ಅದು ಭಾರ. ಈ ಹುಡುಗ ಕಟ್ಟುತ್ತಿರೋದು 600 ಕೆಜಿ ಕಾರು, ಮೂತಿಯಲ್ಲಿ ಅಷ್ಟು ಕಬ್ಬಿಣ ಇಟ್ಟರೆ ತಿರುವಿನಲ್ಲಿ ನೇರ ಹೋಗುತ್ತೆ. ಎಂಜಿನ್ ಆಗಲೇ ಮನೆಗೆ ಬಂದಿದೆ ಬೇರೆ.

ರಾಯಚೂರು_ಅಂಬಾಸಿಡರ್:
ಭಾರದ ಮಾತು ಸರಿ ಐತ್ರಿ. ಇನ್ನೂ ಏನೂ ಕೊಳ್ಳದವರು ಓದ್ತಿದ್ರ ಅವರಿಗಾದರೂ ನೆನಪಿರಲಿ ಅಂತ ಹೇಳಿದೆ. ಎಂಜಿನ್ನು, ಡಬ್ಬಿ ಒಂದೇ ಗಾಡಿಯಿಂದ ಜೋಡಿ ತಗೊಂಡ್ರ ಅರ್ಧ ಜಗಳ ಇರೋದೇ ಇಲ್ಲ.

ಕೌಲ್‌ಬಜಾರ್_34:
ಮೇಸ್ತ್ರಿ, ಜಿಪ್ಸಿ ಫೋರ್ ವೀಲ್ ಡ್ರೈವ್ ಅಲ್ವಾ? ಮುಂದಿನ, ಹಿಂದಿನ ಚಕ್ರಕ್ಕೆ ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ಏನು ಮಾಡೋದು?

ಹಳೇ_ಮೇಸ್ತ್ರಿ:
ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಮಧ್ಯೆ ಒಂದು ಗಿಡ್ಡ ಶಾಫ್ಟ್, ಆಮೇಲೆ ಬೇರೆಯಾಗಿ ಕೂತಿರುತ್ತೆ. ಅದನ್ನ ತೆಗೆದಿಟ್ಟರೆ ಉಳಿಯೋದು ಸಾದಾ ಹಿಂಚಕ್ರದ ಗೇರ್‌ಬಾಕ್ಸ್.

ತೋರಣಗಲ್ಲು_ಶಿಫ್ಟ್:
ಇಲ್ಲೇ ಬಹಳ ಜನ ಎಡವೋದು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಹೈಯಲ್ಲಿದ್ದರೂ (ಸಾದಾ ಓಟದ ಸ್ಥಾನ) 1:1 ಅಲ್ಲ, ಅಲ್ಲೂ ಸುಮಾರು 1.4ರ ಇಳಿಕೆ ಇದೆ. ಅದನ್ನ ತೆಗೆದರೆ ಎಲ್ಲಾ ಗೇರೂ ಅಷ್ಟು ಪಟ್ಟು ಉದ್ದ ಆಗುತ್ತೆ.

ಲೆಕ್ಕ ಹಾಕಿ ತೋರಿಸ್ತೀನಿ. ಜಿಪ್ಸಿ ಆಕ್ಸಲ್ ಅನುಪಾತ 3.7 (ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.7 ಸುತ್ತು) ಅಂತ ಹಿಡಿಯೋಣ, 15 ಇಂಚಿನ ಅದರದೇ ಟೈರ್ ಒಂದು ಸುತ್ತಿಗೆ 2.1 ಮೀಟರ್ ಉರುಳುತ್ತೆ. ನಾಲ್ಕನೇ ಗೇರ್ ನೇರ, ಅಂದರೆ 1:1. 4000 ಆರ್‌ಪಿಎಂ ಭಾಗಿಸು 3.7, ಗುಣಿಸು 2.1, ಗುಣಿಸು 60. ಗಂಟೆಗೆ 136 ಕಿಮೀ! ಟ್ರಾನ್ಸ್‌ಫರ್ ಕೇಸ್ ಇದ್ದಿದ್ದರೆ ಅದೇ 97. ಮೊದಲನೇ ಗೇರಿನಲ್ಲೇ 4000ಕ್ಕೆ 37 ಕಿಮೀ ಹೋಗುತ್ತೆ. ಹೊರಡುವಾಗೆಲ್ಲ ಕ್ಲಚ್ ಉಜ್ಜಬೇಕು, ಐದನೇ ಗೇರ್ ಮುಟ್ಟೋದೇ ಇಲ್ಲ.

ಓಮ್ನಿ ಆಕ್ಸಲ್ ತಂದಿದ್ದೀರಿ ಅಂದ್ರಲ್ಲ, ಅದರ ಅನುಪಾತ ಎಷ್ಟು ಅಂತ ಎಣಿಸಿ ಹೇಳಿ. ಊಹೆ ಬೇಡ.

ಕೌಲ್‌ಬಜಾರ್_34:
ಎಣಿಸಿದೆ. ಒಂದು ಚಕ್ರ ನೆಲದ ಮೇಲೆ, ಇನ್ನೊಂದಕ್ಕೆ ಜಾಕ್ ಹಾಕಿ ಒಂದು ಸುತ್ತು ತಿರುಗಿಸಿದೆ. ಪಿನಿಯನ್ (ಶಾಫ್ಟ್ ಕೂಡೋ ಸಣ್ಣ ಹಲ್ಲುಚಕ್ರ) ಕಡೆ ಎರಡೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ಬಂತು. 2.5 ಅಂದ್ರೆ ಇನ್ನೂ ಉದ್ದ ಆಯ್ತಲ್ಲಾ?

ತೋರಣಗಲ್ಲು_ಶಿಫ್ಟ್:
ಇಲ್ಲ, ಅದು 5.1. ಒಂದು ಚಕ್ರ ನಿಂತಿದ್ದಾಗ ಇನ್ನೊಂದು, ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್‌ಗಿಂತ ಎರಡು ಪಟ್ಟು ವೇಗವಾಗಿ ತಿರುಗುತ್ತೆ, ಡಿಫರೆನ್ಷಿಯಲ್ ಗುಣವೇ ಅದು. ಹಾಗಾಗಿ ಎತ್ತಿದ ಚಕ್ರವನ್ನ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನಿಯನ್ ಎಷ್ಟು ಸುತ್ತಿತು ಅಂತ ಎಣಿಸಬೇಕು. ಇನ್ನೂ ನಿಖರ ಬೇಕಾದರೆ ಇಪ್ಪತ್ತು ಸುತ್ತು ತಿರುಗಿಸಿ ಹತ್ತರಿಂದ ಭಾಗಿಸಿ. ಸೀಮೆಸುಣ್ಣದ ಗುರುತು ಹಾಕೋದು ಮರೀಬೇಡಿ.

5.1 ಅಂದ್ರೆ ನಿಮಗೆ ಅನುಕೂಲ. 3.7 ಗುಣಿಸು 1.4 ಮಾಡಿ ನೋಡಿ, 5.18. ಅಂದರೆ ಟ್ರಾನ್ಸ್‌ಫರ್ ಕೇಸ್ ತೆಗೆದದ್ದನ್ನ ಓಮ್ನಿ ಆಕ್ಸಲ್ ಒಂದೇ ಏಟಿಗೆ ತುಂಬಿಕೊಡುತ್ತೆ. 155/80 ಆರ್13 ಟೈರ್ ಹಾಕಿದರೆ ಸುತ್ತಳತೆ 1.82 ಮೀಟರ್, ನಾಲ್ಕನೇ ಗೇರಿನಲ್ಲಿ 4000ಕ್ಕೆ 85 ಕಿಮೀ, ಐದರಲ್ಲಿ 107. ಹಗುರ ಕಾರಿಗೆ ಇದು ಹದವಾದ ಗೇರಿಂಗ್. ಓಮ್ನಿಯ 12 ಇಂಚಿನ ಚಕ್ರವನ್ನೇ ಇಟ್ಟರೆ ನಾಲ್ಕರಲ್ಲಿ 79ಕ್ಕೇ ಮುಗಿಯುತ್ತೆ, ಎಂಜಿನ್ ಕೂಗ್ತಾ ಇರುತ್ತೆ.

ಕುಷ್ಟಗಿ_37:
ಹಾಗಿದ್ರ ಓಮ್ನಿ ಡಬ್ಬಿ ಬಲ ಸಾಲದು, ಓಮ್ನಿ ಆಕ್ಸಲ್ ಮಾತ್ರ ಸಾಲ್ತದಾ? ಎರಡೂ ಅದೇ 60 ನ್ಯೂಟನ್ ಮೀಟರಿಗೆ ಮಾಡಿದ್ದಲ್ಲೇನ್ರಿ?

ತೋರಣಗಲ್ಲು_ಶಿಫ್ಟ್:
ಒಳ್ಳೇ ಪ್ರಶ್ನೆ, ಇದಕ್ಕೆ ಉತ್ತರ ಟೈರಿನಲ್ಲಿದೆ. ಆಕ್ಸಲ್ ಎಷ್ಟು ಹೊರಬೇಕು ಅನ್ನೋದಕ್ಕೆ ಟೈರಿನ ಹಿಡಿತವೇ ಮೇಲ್ಮಿತಿ. ಇಬ್ಬರು ಕೂತಾಗ ಹಿಂದಿನ ಚಕ್ರಗಳ ಮೇಲೆ 350 ಕೆಜಿ ಬೀಳುತ್ತೆ ಅಂದುಕೊಳ್ಳಿ. ಒಣ ಟಾರ್ ರಸ್ತೆಯಲ್ಲಿ ಘರ್ಷಣೆ 0.9, ಚಕ್ರದ ಅರ್ಧವ್ಯಾಸ 0.29 ಮೀಟರ್. 350 × 9.8 × 0.9 × 0.29, ಸುಮಾರು 895 ನ್ಯೂಟನ್ ಮೀಟರ್. ಅದಕ್ಕಿಂತ ಜಾಸ್ತಿ ಕೊಟ್ಟರೆ ಟೈರ್ ಜಾರುತ್ತೆ, ಆಕ್ಸಲ್‌ಗೆ ಏರಲ್ಲ. ಓಮ್ನಿಯಲ್ಲಿ ಅದೇ ಆಕ್ಸಲ್ ಮೊದಲ ಗೇರಿನಲ್ಲಿ ತಡೆದುಕೊಳ್ತಿದ್ದದ್ದು ಎಷ್ಟು? 60 ಗುಣಿಸು ಮೂರೂವರೆ ಹತ್ತಿರದ ಗೇರು, ಗುಣಿಸು 5.1. ಸಾವಿರ ದಾಟುತ್ತೆ. ಎಂಟು ಜನ ತುಂಬಿಕೊಂಡು ಏರು ಹತ್ತುವಾಗ ಅದಷ್ಟೂ ನೆಲಕ್ಕೆ ಇಳೀತಿತ್ತು. ಹಗುರ ಕಾರಿನ ಕೆಳಗೆ ಅದೇ ಆಕ್ಸಲ್ ನೆಮ್ಮದಿಯಾಗೇ ಇರುತ್ತೆ.

ಗೇರ್‌ಬಾಕ್ಸಿಗೆ ಈ ರಿಯಾಯಿತಿ ಇಲ್ಲ. ಮೂರನೇ ಗೇರಿನಲ್ಲಿ ಲೆಕ್ಕ ಹಾಕಿ. ಎಂಜಿನ್ ಟಾರ್ಕ್ 103 ಗುಣಿಸು ಗೇರ್ 1.42 ಗುಣಿಸು ಆಕ್ಸಲ್ 5.1, 746 ಆಯ್ತು. ಟೈರ್ ಜಾರಲ್ಲ. ಎಂಜಿನ್‌ನ ಪೂರ್ತಿ ಬಲ ಹಲ್ಲುಗಳ ಮೇಲೆ, ನಿಮಿಷಗಟ್ಟಲೆ. 60ಕ್ಕೆ ಮಾಡಿದ ಹಲ್ಲು 103 ಹೊತ್ತು ಓಡ್ತಾ ಇರುತ್ತೆ. ಅದಕ್ಕೇ ಆಕ್ಸಲ್ ಇರಲಿ, ಡಬ್ಬಿ ಬೇಡ ಅಂತ ಹೇಳ್ತಿರೋದು. ಆದರೂ ಕ್ಲಚ್ ಒಮ್ಮೆಲೇ ಬಿಟ್ಟು ಕುಪ್ಪಳಿಸೋ ಅಭ್ಯಾಸ ಇದ್ದರೆ ಈ ಲೆಕ್ಕ ನಿಲ್ಲಲ್ಲ. ಆ ಹೊಡೆತ ಬೇರೆ.

ಹಳೇ_ಮೇಸ್ತ್ರಿ:
ಮೂವತ್ತು ವರ್ಷ ಕೈಯಲ್ಲಿ ತಿಳಿದಿದ್ದನ್ನ ಕಾಗದದ ಮೇಲೆ ನೋಡಿದ ಹಾಗಾಯ್ತು. ಧನ್ಯವಾದ ತಮ್ಮಾ.

ಕುಷ್ಟಗಿ_37:
ಎಸ್ಟೀಮಿನ ಎಂಜಿನ್ನು, ಅದರ ಗೇರ್‌ಬಾಕ್ಸು ಎರಡನ್ನೂ ಬಿಚ್ಚದ ಡ್ರೈವರ್ ಸೀಟಿನ ಹಿಂದ ಅಡ್ಡ ಇಟ್ರ? ನನಗ ಅಂಥಾದ್ದು ಕಟ್ಟಬೇಕಂತ ಐತಿ. ಚಕ್ರ ಉಲ್ಟಾ ತಿರುಗ್ತಾವಂತ ಯಾರೋ ಅಂದ್ರು.

ತೋರಣಗಲ್ಲು_ಶಿಫ್ಟ್:
ಮುಂದೆ ಹೇಗಿತ್ತೋ ಹಾಗೇ ಹಿಂದಕ್ಕೆ ಸರಿಸಿದರೆ ಉಲ್ಟಾ ತಿರುಗಲ್ಲ. ಎಂಜಿನ್ನನ್ನ ಅರ್ಧ ಸುತ್ತು ತಿರುಗಿಸಿ ಬೆನ್ನು ಮುಂದೆ ಮಾಡಿದರೆ ಮಾತ್ರ ರಿವರ್ಸ್ ಐದು, ಮುಂದಕ್ಕೆ ಹೋಗೋದು ಒಂದೇ ಗೇರ್ ಅಂತ ಆಗುತ್ತೆ. ಜೋಡಣೆಯ ತೊಂದರೆ ಪೂರ್ತಿ ತಪ್ಪುತ್ತೆ, ಬದಲಿಗೆ ಗೇರ್ ಲಿವರ್‌ನಿಂದ ಹಿಂದಕ್ಕೆ ರಾಡು, ಕ್ಲಚ್ ಕೇಬಲ್ಲು, ರೇಡಿಯೇಟರ್‌ಗೆ ಉದ್ದ ಪೈಪು ಇವೆಲ್ಲ ಬರುತ್ತೆ. ಬಳ್ಳಾರಿ, ಕೊಪ್ಪಳದ ಬೇಸಿಗೆಯಲ್ಲಿ ಹಿಂದಿನ ಎಂಜಿನ್‌ಗೆ ಗಾಳಿ ತರೋದು ಸಣ್ಣ ಕೆಲಸ ಅಲ್ಲ. ಬೇರೆ ಎಳೆ ಶುರು ಮಾಡಿ, ಅಲ್ಲಿ ಬರೀತೀನಿ.

ರಾಯಚೂರು_ಅಂಬಾಸಿಡರ್:
ಒಂದು ಮಾತು ಯಾರೂ ಎತ್ತಲಿಲ್ಲ. ಇದನ್ನ ರಸ್ತಿಗೆ ತರೋದು ಹೆಂಗ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಹೇಳಿದ ವಿವರಕ್ಕಿಂತ ಬ್ಯಾರೆ ಆಗೋಹಂಗ ಗಾಡಿ ಬದಲಾಯಿಸಾಕ ಬರಂಗಿಲ್ಲ. 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಇದನ್ನ ಎತ್ತಿ ಹಿಡಿದದ. ಹೊಸದಾಗಿ ಕಟ್ಟಿದ ಗಾಡಿ ಅಂದ್ರ ಕೇಂದ್ರ ನಿಯಮ 126ರಂತೆ ಪುಣೆಯ ಎಆರ್‌ಎಐ (ವಾಹನ ಪರೀಕ್ಷಾ ಸಂಸ್ಥೆ) ಅಂಥಲ್ಲಿ ಮಾದರಿ ಪರೀಕ್ಷೆ ಆಗಬೇಕು. ಕೆಎ 34 ಅಂತ ಹಳೇ ಓಮ್ನಿ ನಂಬರ್ ಹಚ್ಚಿಕೊಂಡು ಓಡಿಸೋ ವಿಚಾರ ಇದ್ರ ಬಿಟ್ಟುಬಿಡ್ರಿ. ಅಪಘಾತ ಆದ್ರ ವಿಮೆ ಇರಂಗಿಲ್ಲ, ಎದುರಿನವರ ಮನಿ ಹಾಳಾಗ್ತದ.

ಕೌಲ್‌ಬಜಾರ್_34:
ಅದು ಮೊದಲೇ ತೀರ್ಮಾನ ಆಗಿದೆ ಅಣ್ಣಾ. ಸಿರುಗುಪ್ಪ ಕಡೆ ನಮ್ಮದೇ ಹೊಲ ಇದೆ, ಭತ್ತ ಕೊಯ್ದ ಮೇಲೆ ಅಲ್ಲೇ ಓಡಿಸೋದು. ಟ್ರ್ಯಾಕ್ ದಿನಗಳು ಇದ್ದರೆ ಟ್ರೇಲರ್ ಮೇಲೆ ಹಾಕಿಕೊಂಡು ಹೋಗ್ತೀನಿ. ಎಂಜಿನ್ ನಂಬರು, ಗುಜರಿ ಬಿಲ್ಲು ಎರಡೂ ಕೈಯಲ್ಲಿದೆ.

ಹಳೇ_ಮೇಸ್ತ್ರಿ:
ಹಾಗಾದರೆ ಸರಿ. ಜಿಪ್ಸಿ ಡಬ್ಬಿ ಕೊಳ್ಳೋ ಮುಂಚೆ ದಪ್ಪ ರಟ್ಟಿನ ಮೇಲೆ ನಿನ್ನ ಬ್ಲಾಕಿನ ಹಿಂಬದಿ ಮುಖ ಅಚ್ಚು ತಗೊಂಡು ಹೋಗು. ಗ್ರೀಸ್ ಹಚ್ಚಿ ಒತ್ತಿದರೆ ತೂತು, ಡೋವೆಲ್ ಎಲ್ಲಾ ಮೂಡುತ್ತೆ. ನಾನು ಹೇಳಿದೆ ಅಂತ ನಂಬಬೇಡ, ರಟ್ಟು ಇಟ್ಟು ನೋಡು. ಡಬ್ಬಿ ಜೊತೆ ಜಿಪ್ಸಿಯ ಫ್ಲೈವೀಲ್, ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್, ಕ್ಲಚ್ ಬೇರಿಂಗ್, ಸೆಲ್ಫ್ ಮೋಟರ್ ಇಷ್ಟನ್ನೂ ಬಿಡದೆ ಕೇಳು. ಚೌಕಾಸಿ ಮಾಡೋದಾದರೆ ಡಬ್ಬಿ ಮೇಲೆ ಮಾಡು, ಇವನ್ನ ಬಿಟ್ಟು ಬರಬೇಡ. ಫ್ರಂಟ್ ವೀಲ್ ಡ್ರೈವ್ ಗಾಡಿಗಳ ಎಷ್ಟೋ ಎಂಜಿನ್‌ಗಳಲ್ಲಿ ಪೈಲಟ್ ಬೇರಿಂಗ್ ಇರೋದೇ ಇಲ್ಲ, ಉದ್ದಕ್ಕೆ ಕೂರೋ ಡಬ್ಬಿಗೆ ಅದು ಬೇಕು. ಅದು ಕೂರೋ ಜಾಗ ವರ್ನಿಯರ್ ಹಿಡಿದು ಅಳತೆ ಮಾಡು.

ಆಮೇಲೆ ಆಯಿಲ್ ಸಂಪ್, ಎಂಜಿನ್ ಕೆಳಗಿನ ಎಣ್ಣೆ ತಟ್ಟೆ. ಎಸ್ಟೀಮ್‌ದು ಅಡ್ಡ ಕೂರೋ ಎಂಜಿನ್‌ಗೆ ಮಾಡಿದ್ದು. ಉದ್ದಕ್ಕೆ ತಿರುಗಿಸಿದಾಗ ಅದರ ಹೊಟ್ಟೆ ನಿನ್ನ ಮುಂದಿನ ಕ್ರಾಸ್ ಮೆಂಬರ್‌ಗೆ ಬಡಿಯುತ್ತಾ, ನೆಲಕ್ಕೆ ಎಷ್ಟು ಎತ್ತರ ಉಳಿಯುತ್ತೆ ನೋಡು. ಎಂಜಿನ್ ತಲೆಯ ಹಿಂಭಾಗ ಫೈರ್‌ವಾಲ್‌ಗೆ ಎಷ್ಟು ದೂರ ಅಂತಲೂ ನೋಡು. ಎಂಜಿನ್ ಮೌಂಟ್ ಬ್ರಾಕೆಟ್ ಹೊಸದೇ ಮಾಡಬೇಕು.

ಗಂಗಾವತಿ_ಲೇತ್:
ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಬೇಕಾಗ್ತದ. ಎರಡು ಕಡೆ ಕ್ರಾಸಿನ (ಶಾಫ್ಟ್ ಬಾಗೋ ಕೀಲು) ಕೋನ ಒಂದ ಇರಬೇಕು, 1ರಿಂದ 3 ಡಿಗ್ರಿ ಒಳಗ. ಎರಡೂ ತುದಿಯ ಯೋಕ್ (ಆ ಕೀಲು ಹಿಡಿಯೋ ಕವಲು) ಒಂದ ಸಾಲಿನ್ಯಾಗ ಕೂರಲಿಲ್ಲಂದ್ರ ಎಷ್ಟ ಬ್ಯಾಲೆನ್ಸ್ ಮಾಡಿಸಿದ್ರೂ ನಡುಗ್ತದ. ಶಾಫ್ಟ್ ನನ್ನ ಕಡೆ ತಗೊಂಬರ್ರಿ, ಮಾಡಿಕೊಡ್ತೀನಿ. ಬ್ಯಾಲೆನ್ಸಿಂಗ್ ಮಾತ್ರ ಹೊರಗ ಮಾಡಿಸಬೇಕು.

ಕೌಲ್‌ಬಜಾರ್_34:
ಹನ್ನೊಂದು ದಿನ ಆದ ಮೇಲೆ ಬರೀತಿದ್ದೀನಿ. ಹೊಸಪೇಟೆಯಲ್ಲಿ ಜಿಪ್ಸಿ ಕಿಂಗ್ ಡಬ್ಬಿ ಸಿಕ್ತು. ರಟ್ಟು ಇಟ್ಟೆ, ತೂತುಗಳೂ ಎರಡು ಡೋವೆಲ್ಲೂ ಸರಿಯಾಗಿ ಕೂತವು. ಅಲ್ಲೇ ಅಂಗಡಿಯ ಮುಂದೆ ಕೂತು ಗೇರ್ ಒಂದೊಂದೇ ಹಾಕಿ ಇನ್‌ಪುಟ್ ಸುತ್ತು ಎಣಿಸಿದೆ. ಒಂದರಲ್ಲಿ ಮೂರೂವರೆ ದಾಟಿತು, ನಾಲ್ಕರಲ್ಲಿ ನೇರ. ಫ್ಲೈವೀಲ್, ಕ್ಲಚ್, ಸೆಲ್ಫ್ ಎಲ್ಲಾ ಜೊತೆಗೇ ತಂದೆ. ಮನೆಗೆ ಬಂದು ಬ್ಲಾಕಿಗೆ ಕೂರಿಸಿದಾಗ ಬೋಲ್ಟ್ ಹಾಕೋ ಮುಂಚೇನೇ ಮುಖ ಮುಖಕ್ಕೆ ಬಂದು ಕೂತುಬಿಡ್ತು. ಬೋಲ್ಟಿನಿಂದ ಎಳೆದು ಕೂರಿಸೋ ಪ್ರಮೇಯ ಬರಲಿಲ್ಲ. ಮಾವ ಅದನ್ನ ನೋಡಿ ಸುಮ್ಮನೆ ಕೈ ಒರೆಸಿಕೊಂಡರು.

ಸಂಪ್ ಮಾತ್ರ ಮೇಸ್ತ್ರಿ ಹೇಳಿದ ಹಾಗೇ ಕ್ರಾಸ್ ಮೆಂಬರ್‌ಗೆ ಬಡೀತಿದೆ, 20 ಎಂಎಂ ಸಾಲದು. ಜಿಪ್ಸಿ ಸಂಪ್ ಮತ್ತು ಅದರ ಆಯಿಲ್ ಹೀರೋ ಪೈಪು ಹುಡುಕಲಾ, ಕ್ರಾಸ್ ಮೆಂಬರ್ ಕತ್ತರಿಸಿ ಕೆಳಗಿಳಿಸಲಾ?

ಹಳೇ_ಮೇಸ್ತ್ರಿ:
ಚಾಸಿ ಕತ್ತರಿಸಬೇಡ. ಸಂಪ್ ಹುಡುಕು, ಪೈಪ್ ಜೊತೆಗೇ ತಗೋ. ಪೈಪಿನ ಬಾಯಿ ಸಂಪಿನ ತಳಕ್ಕೆ ಎಷ್ಟು ದೂರ ಇದೆ ಅಂತ ಮಣ್ಣಿನ ಉಂಡೆ ಇಟ್ಟು ಒತ್ತಿ ನೋಡಿ ಹೇಳು.

ಗಂಗಾವತಿ_ಲೇತ್:
ಭಾನುವಾರ ಬಳ್ಳಾರಿಗೆ ಬರೋನಿದ್ದೀನಿ. ಡಯಲ್ ಗೇಜ್ ತರ್ತೀನಿ. ಡೋವೆಲ್ ಕೂತರೂ ಫ್ಲೈವ್ಹೀಲ್ ಮುಖದ ಓಲಾಟ ಒಮ್ಮಿ ನೋಡೋಣು. ಸೀಲ್ ಹಾಕೋದು ಅಲ್ಲಿತನಾ ತಡೀರಿ.